ಗಡ್ಡಿಯ ಅಂಗನವಾಡಿಗೆ ಯಾವ ತರಬೇತಿ ಒಗ್ಗುತ್ತದೆ: ದಡದ ಶಿಬಿರವೋ, ಫೋನೋ, ಹರಗೋಲು ಹತ್ತಿ ಬರುವ ತರಬೇತುದಾರರೋ?

ಕೃಷ್ಣಾ ನದಿಯ ನಡುಗಡ್ಡೆಗಳನ್ನು ರಾಯಚೂರು, ಯಾದಗಿರಿ ಕಡೆ ಗಡ್ಡಿ ಎನ್ನುತ್ತಾರೆ. ಸೇತುವೆಯಿಲ್ಲದ ಗಡ್ಡಿಗೆ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟ ದಿನವೇ ದಾರಿ ಮುಚ್ಚುತ್ತದೆ. ಅಂಥ ಊರಿನಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ ಬಿಟ್ಟರೆ ಬೇರೆ ಶಾಲೆಯಿಲ್ಲ. ಅಕ್ಕೋರು, ಅಂದರೆ ಅಂಗನವಾಡಿ ಕಾರ್ಯಕರ್ತೆ, ಎಷ್ಟು ಕಲಿತಿದ್ದಾರೋ ಮಕ್ಕಳಿಗೂ ಅಷ್ಟೇ ದಕ್ಕುವುದು. ಅವರನ್ನು ತಯಾರು ಮಾಡುವ ಮೂರು ದಾರಿಗಳನ್ನೂ ನಡೆಸಿ ನೋಡಿದ ಮೇಲೆ ಬರೆದ ಹೋಲಿಕೆ ಇದು.

ಮೊದಲನೆಯದು ತಾಲ್ಲೂಕು ಕೇಂದ್ರದ ಶಿಬಿರ. ಹೊಸದಾಗಿ ಸೇರಿದವರಿಗೆ ಇದು ಬೇಕೇ ಬೇಕು. ದಾಖಲೆ ಬರೆಯುವುದು, ತೂಕ-ಎತ್ತರ ಅಳೆಯುವುದು, ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ ತುಂಬುವುದು ಹತ್ತು ಜನರ ನಡುವೆ ಕೂತು ಕಲಿತರೆ ಬೇಗ ಬರುತ್ತದೆ. ಇತರ ಕಾರ್ಯಕರ್ತೆಯರ ಪರಿಚಯವಾಗುತ್ತದೆ. ಒಂಟಿಯಾಗಿ ಕೆಲಸ ಮಾಡುವ ಹೆಣ್ಣುಮಗಳಿಗೆ ಅದು ದೊಡ್ಡ ಆಸರೆ. ಆದರೆ ಮೂರು ದಿನದ ತರಬೇತಿ ಗಡ್ಡಿಯವರಿಗೆ ಐದು ದಿನ ಹಿಡಿಯುತ್ತದೆ: ಹಿಂದಿನ ದಿನವೇ ದಡ ಸೇರಬೇಕು, ಮುಗಿದ ಮರುದಿನ ಹರಗೋಲಿಗೆ ಕಾಯಬೇಕು. ಅಷ್ಟು ದಿನ ಸಹಾಯಕಿಯೊಬ್ಬರೇ ಅಡುಗೆಯನ್ನೂ ಮಕ್ಕಳನ್ನೂ ನೋಡುತ್ತಾರೆ, ಪಾಠ ನಿಲ್ಲುತ್ತದೆ. ಹಾಲುಣ್ಣುವ ಕೂಸಿದ್ದವರು ಬರುವುದೇ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಶಿಬಿರದಲ್ಲಿ ಮೂರು, ನಾಲ್ಕು, ಐದು ವರ್ಷದ ಮಕ್ಕಳಿಗೆ ಬೇರೆ ಬೇರೆ ಚಟುವಟಿಕೆ ಹೇಳಿಕೊಡುತ್ತಾರೆ. ಗಡ್ಡಿಯಲ್ಲಿರುವುದು ಒಂದೇ ಕೋಣೆ, ಹತ್ತು ಹನ್ನೆರಡು ಮಕ್ಕಳು, ಎಲ್ಲ ವಯಸ್ಸಿನವರೂ ಒಟ್ಟಿಗೆ. ಅಕ್ಕನ ಸೊಂಟದ ಮೇಲೆ ಬಂದ ಎರಡು ವರ್ಷದ್ದೂ ಅಲ್ಲೇ. ಇಂಥ ಕೋಣೆಯನ್ನು ನಡೆಸುವ ಬಗೆಯನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ.

ಎರಡನೆಯದು ಫೋನು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಕೊಡಬೇಕು, ಅದನ್ನು ಡಿಟಿಎಚ್ ಚಾನೆಲ್ ಮತ್ತು ಸ್ಮಾರ್ಟ್‌ಫೋನ್ ಮೂಲಕ ನಡೆಸಬಹುದು ಎನ್ನುತ್ತದೆ. ಕೇಂದ್ರ ಮುಚ್ಚದೆ ಕಲಿಯಬಹುದು ಎಂಬುದು ನಿಜವಾದ ಲಾಭ. ಆದರೆ ಅದೇ ನೀತಿ ತಿಂಗಳಿಗೆ ಒಂದಾದರೂ ಮುಖಾಮುಖಿ ತರಗತಿ ಇರಬೇಕೆಂದೂ ಹೇಳಿದೆ. ಗಡ್ಡಿಯಲ್ಲಿ ಮೊದಲು ತಪ್ಪುವುದೇ ಅದು. ವಿಡಿಯೊ ಪಾಠ ಸಿಗ್ನಲ್ ಸಿಗುವ ಒಂದೇ ಬಂಡೆಯ ಮೇಲೆ ಅರ್ಧಕ್ಕೆ ನಿಂತುಬಿಡುತ್ತದೆ. ಫೋನಿನ ಜಾಗವೂ ಬೇಗ ತುಂಬುತ್ತದೆ. ನಮಗೆ ಕೆಲಸಕ್ಕೆ ಬಂದದ್ದು ಧ್ವನಿ ಸಂದೇಶ. ಮೂರು ನಿಮಿಷದ್ದಾದರೆ ಒಂದು ಎಂಬಿಯೂ ಆಗದು, ರೊಟ್ಟಿ ಬಡಿಯುತ್ತಾ ಕೇಳಬಹುದು. ವಾರಕ್ಕೆ ಒಂದು ಹಾಡು, ಒಂದು ಕಥೆ, ಒಂದು ಆಟ ಸಾಕು. ವಿಡಿಯೊ ಬೇಕೇ ಬೇಕೆಂದರೆ ಮೆಮೊರಿ ಕಾರ್ಡಿನಲ್ಲಿ ತುಂಬಿ ಕಳಿಸಿ. ಫೋನಿಗೆ ಆಗದ ಕೆಲಸವೆಂದರೆ ತಪ್ಪು ಹಿಡಿಯುವುದು. ಅದು ಹೇಳುತ್ತದೆ, ನೋಡುವುದಿಲ್ಲ.

ನೋಡುವುದು ಮೂರನೆಯ ದಾರಿಯಲ್ಲಿ ಮಾತ್ರ. ತರಬೇತುದಾರರು ಗಡ್ಡಿಗೆ ಬಂದು ಎರಡು ರಾತ್ರಿ ಉಳಿಯಬೇಕು. ಬೆಳಿಗ್ಗೆ ಬಂದು ಮಧ್ಯಾಹ್ನದ ಹರಗೋಲಿಗೆ ಹೋಗುವ ಭೇಟಿ ತರಬೇತಿಯಾಗುವುದಿಲ್ಲ, ತಪಾಸಣೆಯಾಗುತ್ತದೆ. ಮೊದಲ ದಿನ ಹಿಂದೆ ಕೂತು ನೋಡುವುದಷ್ಟೇ. ಎರಡನೇ ದಿನ ಅರ್ಧ ಗಂಟೆ ತಾವು ನಡೆಸಿ ತೋರಿಸುವುದು. ಮೂರನೇ ದಿನ ಅದನ್ನೇ ಕಾರ್ಯಕರ್ತೆ ಮಾಡುವುದು.

ಕಥೆ ಹೇಳುವುದನ್ನೇ ತೆಗೆದುಕೊಳ್ಳಿ. ಅಕ್ಕೋರು ಚಿತ್ರ ಹಿಡಿದು ‘ಆಡು ಎಲ್ಲಿ ಹೋತು?’ ಎಂದು ಕೇಳುತ್ತಾರೆ. ಮಗು ಬಾಯಿ ತೆರೆಯುವ ಮೊದಲೇ ‘ಹೊಲಕ್ಕ ಹೋತು’ ಎಂದು ತಾವೇ ಹೇಳಿಬಿಡುತ್ತಾರೆ. ಇದು ಎಲ್ಲರೂ ಮಾಡುವ ತಪ್ಪು, ಮಾಡುವವರಿಗೆ ಗೊತ್ತೇ ಆಗುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಒಂದರಿಂದ ಐದು ಎಣಿಸಿ ಎಂದು ಪಕ್ಕದಲ್ಲಿ ಕೂತು ಹೇಳಿದರೆ ಅದೇ ದಿನ ಬದಲಾವಣೆ ಕಾಣುತ್ತದೆ. ಮೂರು ವರ್ಷದ್ದು ಬೆರಳು ತೋರಿಸುತ್ತದೆ, ಐದು ವರ್ಷದ್ದು ವಾಕ್ಯದಲ್ಲಿ ಉತ್ತರ ಕೊಡುತ್ತದೆ. ಒಂದೇ ಕಥೆಯಲ್ಲಿ ಎಲ್ಲ ವಯಸ್ಸಿನವರಿಗೂ ಕೆಲಸ ಕೊಡುವುದು ಹೀಗೆ.

ಖರ್ಚು? ಒಂದು ಕೇಂದ್ರಕ್ಕೆ ಒಬ್ಬರ ಮೂರು ದಿನ, ಲೆಕ್ಕಕ್ಕೆ ಹೆಚ್ಚೇ. ವರ್ಷಕ್ಕೆ ಎರಡು ಭೇಟಿ ಸಾಕು: ನವೆಂಬರಿನಲ್ಲಿ ನೀರು ಇಳಿದ ಮೇಲೆ ಒಂದು, ಏಪ್ರಿಲಿನಲ್ಲಿ ಒಂದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ದಿನಾಂಕ ಗೊತ್ತುಮಾಡಲೇಬೇಡಿ.

ನಾವು ಆರಿಸಿಕೊಳ್ಳುವುದು ಇದನ್ನೇ. ಸೇರಿದ ವರ್ಷ ಒಮ್ಮೆ ಶಿಬಿರ, ಆಮೇಲೆ ಪ್ರತಿ ವರ್ಷ ಎರಡು ಭೇಟಿ, ನಡುವೆ ಧ್ವನಿ ಸಂದೇಶ. ಒಂದು ಷರತ್ತಿದೆ: ಸಹಾಯಕಿಯೂ ಅದೇ ತರಬೇತಿಯಲ್ಲಿ ಕೂರಬೇಕು. ಎಷ್ಟೋ ಗಡ್ಡಿಗಳಲ್ಲಿ ಕಾರ್ಯಕರ್ತೆಯ ಮನೆ ದಡದಲ್ಲಿ, ಸಹಾಯಕಿಯ ಮನೆ ಗಡ್ಡಿಯಲ್ಲಿ. ಹೊಳೆ ಬಂದಾಗ ಕೇಂದ್ರ ನಡೆಸುವವರು ಸಹಾಯಕಿಯೇ. ಅವರನ್ನು ಅಡುಗೆಗೆ ಮಾತ್ರ ಎಂದು ಹೊರಗಿಟ್ಟ ತರಬೇತಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಅಂಗನವಾಡಿಗಳನ್ನು ನಡೆಸುವ ಕೇಂದ್ರ ಸರ್ಕಾರದ ಯೋಜನೆಯಾದ ಪೋಷಣ್ 2.0ರ ಮಾರ್ಗಸೂಚಿಯ ಪ್ರಕಾರ ಕಾರ್ಯಕರ್ತೆಯರ ಹುದ್ದೆಗಳಲ್ಲಿ ಅರ್ಧದಷ್ಟನ್ನು ಐದು ವರ್ಷ ಅನುಭವವಿರುವ, ವಿದ್ಯಾರ್ಹತೆಯುಳ್ಳ ಸಹಾಯಕಿಯರಿಂದ ಬಡ್ತಿ ಕೊಟ್ಟು ತುಂಬಬೇಕು. ಗಡ್ಡಿಯವರೇ ಆದ ಅಕ್ಕೋರು ಸಿಗುವ ಹತ್ತಿರದ ದಾರಿ ಇದು. ಅಡ್ಡ ನಿಲ್ಲುವುದು ಓದು. ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಮುಗಿಸುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಏಪ್ರಿಲ್-ಮೇ ಸರದಿಗೇ ಹೆಸರು ಕೊಡಿಸಿ. ಅಕ್ಟೋಬರಿನಲ್ಲಿ ಹೊಳೆ ಇನ್ನೂ ಇಳಿಯದೆ ಪರೀಕ್ಷೆ ತಪ್ಪುವುದುಂಟು.

ಮಳೆಗಾಲದ ಸಾಮಾನನ್ನು ಜೂನ್ ಮೊದಲ ವಾರವೇ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ದಾಟಿಸಿ: ನಾಲ್ಕು ವಾರದ ಚಟುವಟಿಕೆ ಹಾಳೆ, ಲ್ಯಾಮಿನೇಟ್ ಮಾಡಿದ ಚಿತ್ರಪಟ, ಬಣ್ಣದ ಸೀಮೆಸುಣ್ಣ, ಮೆಮೊರಿ ಕಾರ್ಡು, ಪವರ್ ಬ್ಯಾಂಕ್. ಎಣಿಸಲು ಮಣಿ ಕಳಿಸಬೇಡಿ, ಚಿಕ್ಕವರು ಬಾಯಿಗೆ ಹಾಕಿಕೊಳ್ಳುತ್ತಾರೆ. ಮಗುವಿನ ಮುಷ್ಟಿಗಿಂತ ದೊಡ್ಡದಾದ ನುಣುಪು ಕಲ್ಲು ಹೊಳೆದಂಡೆಯಲ್ಲೇ ಬೇಕಾದಷ್ಟು ಸಿಗುತ್ತದೆ.