ಫೋನಿನಲ್ಲಿ ಕನ್ನಡ: ಕಟಪಾಡಿ–ಮಂಗಳೂರು ಬಸ್ಸಿನಲ್ಲಿ ಆರು ಬಗೆಯ ಟೈಪಿಂಗ್

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕಟಪಾಡಿಯಲ್ಲಿ ಬಸ್ಸು ಹತ್ತಿ, ಕಿಟಕಿ ಬದಿ ಸೀಟು ಸಿಕ್ಕಿತೆಂದು ಖುಷಿಯಲ್ಲಿ ತಮ್ಮನಿಗೆ ಒಂದು ಮೆಸೇಜು ಹಾಕಿದೆ. ‘ಹೊಳೆ ಬದಿಯ ಗದ್ದೆಗೆ ನೀರು ಬಂದಿದೆ, ಒಮ್ಮೆ ನೋಡು’ ಎಂದು ಬರೆದದ್ದು. ಅವನಿಗೆ ಹೋದದ್ದು ‘ಹೋಲ್ ಬದಿಯ ಗದ್ದೆ’. ಎಚ್, ಓ, ಎಲ್, ಇ ಒತ್ತಿದಾಗ ಫೋನು ಅದನ್ನು ಇಂಗ್ಲಿಷ್ ಪದವೆಂದು ತಿಳಿದುಕೊಂಡಿತ್ತು, ನಾನು ನೋಡದೆ ಕಳಿಸಿಬಿಟ್ಟಿದ್ದೆ. ಅವನಿಗೆ ಅರ್ಥವಾಯಿತು, ಗದ್ದೆಗೂ ಹೋಗಿ ಬಂದ. ಆದರೆ ನನಗೆ ಸಮಾಧಾನವಾಗಲಿಲ್ಲ. ಇಪ್ಪತ್ತು ವರ್ಷದಿಂದ ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಕೂತು ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಸಂಘದ ವರದಿ ಎಲ್ಲ ಕನ್ನಡದಲ್ಲಿ ಟೈಪ್ ಮಾಡುವವನು ನಾನು. ಕಂಪ್ಯೂಟರಿನಲ್ಲಿ ಒಂದು ‘ಳ’ ತಪ್ಪಿದರೆ ಕಣ್ಣಿಗೆ ಚುಚ್ಚುತ್ತದೆ. ಫೋನಿನಲ್ಲಿ ಯಾಕೆ ಇಷ್ಟು ಸಡಿಲ ಬಿಟ್ಟೆ?

ಹಾಗೆ ಶುರುವಾದದ್ದು ಈ ಪ್ರಯೋಗ. ದಿನಾ ಹೋಗಲಿಕ್ಕೆ ಒಂದು ಗಂಟೆ, ಬರಲಿಕ್ಕೆ ಒಂದು ಗಂಟೆ ಬಸ್ಸಿನಲ್ಲೇ ಕೂರುತ್ತೇನೆ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಪಣಂಬೂರು ದಾಟುವಷ್ಟರಲ್ಲಿ ಒಂದು ಪುಟ ಬರೆಯಬಹುದು. 120 ಪದಗಳ ಒಂದು ಪುಟ ನಾನೇ ಬರೆದು ಅಚ್ಚು ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡೆ. ಫೋನಿಗೆ ಕಷ್ಟ ಕೊಡುವ ಪದಗಳನ್ನೇ ಹುಡುಕಿ ಸೇರಿಸಿದ್ದೆ: ಹೊಳೆ, ಮಳೆ, ತಂಬುಳಿ, ಪತ್ರೊಡೆ, ರಾಷ್ಟ್ರೀಯ, ಜ್ಯೋತ್ಸ್ನಾ, ಸಾಫ್ಟ್‌ವೇರ್, ರ‍್ಯಾಂಕ್. ಕೊನೆಗೆ ತುಳುವಿನಲ್ಲಿ ಎರಡು ಸಾಲು. ಮನೆಯಲ್ಲಿ ತುಳು, ಬರೆಯುವುದು ಕನ್ನಡ ಲಿಪಿಯಲ್ಲಿ, ನಮ್ಮ ಕಡೆಯ ಹೆಚ್ಚಿನವರ ಮೆಸೇಜು ಹೀಗೆಯೇ ಇರುತ್ತದೆ. ಎರಡು ಫೋನು ಬಳಸಿದೆ: ಒಂದು ಈಗಿನ ದೊಡ್ಡ ಪರದೆಯದ್ದು, ಇನ್ನೊಂದು ಡ್ರಾಯರಿನಲ್ಲಿ ಬಿದ್ದಿದ್ದ ಐದು ಇಂಚಿನ, 2 ಜಿಬಿ ರ‍್ಯಾಮಿನ ಹಳೆಯ ಫೋನು.

ಮೊದಲು ಎಲ್ಲರೂ ಬಳಸುವ ದಾರಿಯನ್ನೇ ಹೇಳುತ್ತೇನೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡವಾಗುವುದು. ವೇಗಕ್ಕೆ ಇದಕ್ಕೆ ಸಾಟಿ ಇಲ್ಲ. ಕಲಿಯಲಿಕ್ಕೆ ಏನೂ ಇಲ್ಲ, ಮೊದಲ ದಿನವೇ ನನ್ನ ಪುಟ ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಮುಗಿಯಿತು. ತಪ್ಪು ಎಣಿಸಿದಾಗ ಹದಿನಾಲ್ಕು. ಅವು ಎಂಥ ತಪ್ಪು ಎಂಬುದೇ ಮುಖ್ಯ. ಎಂ, ಎ, ಎಲ್, ಇ ಎಂದು ಒತ್ತಿದರೆ ಅದು ಮಳೆಯೂ ಆಗಬಹುದು, ಮಲೆಯೂ ಮಾಲೆಯೂ ಮೇಲೆಯೂ ಆಗಬಹುದು. ನಾವು ಕೊಡುವ ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ ಹ್ರಸ್ವ-ದೀರ್ಘವೂ ಇಲ್ಲ, ಲ-ಳ ಭೇದವೂ ಇಲ್ಲ. ಇಲ್ಲದ ಮಾಹಿತಿಯನ್ನು ಫೋನು ಊಹಿಸಬೇಕು, ಅದು ಊಹಿಸುವುದು ಹೆಚ್ಚು ಜನ ಬರೆಯುವ ಪದವನ್ನು. ‘ಮಳೆ’ ಸರಿಯಾಗಿ ಬಂತು, ಯಾಕೆಂದರೆ ಅದು ಎಲ್ಲರ ಪದ. ‘ತಂಬುಳಿ’ ‘ತಂಬುಲಿ’ಯಾಯಿತು. ‘ಪತ್ರೊಡೆ’ ಮೂರು ಸಲವೂ ಬೇರೆ ಬೇರೆ ರೂಪದಲ್ಲಿ ಬಂತು. ನಮ್ಮ ಅಡುಗೆಮನೆಯ, ಗದ್ದೆಯ, ದೈವಸ್ಥಾನದ ಪದಗಳೇ ಹೆಚ್ಚು ಪೆಟ್ಟು ತಿಂದವು.

ಎರಡು ವಾರ ಇದರಲ್ಲೇ ಬರೆದ ಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು, ಅದು ನನ್ನನ್ನು ತುಂಬಾ ಕಾಡಿತು. ಪಟ್ಟಿಯಲ್ಲಿ ಮೊದಲು ತೋರಿಸಿದ ಪದವನ್ನೇ ನಾನು ಒಪ್ಪಿಕೊಳ್ಳುತ್ತಿದ್ದೆ. ‘ಬೈಸಾರಿ’ ಎಂದು ಬರೆಯಲು ಹೊರಟು, ಅದು ಸಿಗದಾಗ ‘ಸಂಜೆ’ ಎಂದು ಬರೆದು ಮುಂದೆ ಹೋಗಿದ್ದೆ. ಪದ ಬದಲಾದದ್ದು ಕೈಯ ಸೋಮಾರಿತನದಿಂದಲ್ಲ, ಕೀಬೋರ್ಡಿಗೆ ಆ ಪದ ಗೊತ್ತಿಲ್ಲದ್ದರಿಂದ.

ವರ್ಣಮಾಲೆಯ ಕೀಬೋರ್ಡು ಇದಕ್ಕೆ ನೇರ ವಿರುದ್ಧ. ಅಕ್ಷರಗಳೆಲ್ಲ ಕಣ್ಣ ಮುಂದೆ. ‘ಕ’ ಒತ್ತಿದ ಕೂಡಲೇ ಸ್ವರಗಳ ಸಾಲು ಕಾ, ಕಿ, ಕೀ, ಕು ಎಂದು ಬದಲಾಗುತ್ತದೆ. ಒಂದನೇ ಕ್ಲಾಸಿನ ಕಾಗುಣಿತವೇ. ತಪ್ಪು ಎರಡೋ ಮೂರೋ, ಅದೂ ಬಸ್ಸು ಗುಂಡಿಗೆ ಬಿದ್ದಾಗ ಪಕ್ಕದ ಕೀ ತಾಗಿದ್ದು. ಆದರೆ ನಿಧಾನ. ಕೀಗಳು ಹೆಚ್ಚಿರುವುದರಿಂದ ಒಂದೊಂದೂ ಚಿಕ್ಕದು, ಪ್ರತಿ ಅಕ್ಷರಕ್ಕೂ ಕಣ್ಣು ಹಾಯಿಸಬೇಕು. ಎಂಟು ನಿಮಿಷದ ಕೆಳಗೆ ನನಗೆ ಬರಲೇ ಇಲ್ಲ. ಹಳೆಯ ಐದು ಇಂಚಿನ ಫೋನಿನಲ್ಲಿ ಇದನ್ನು ಯಾರಿಗೂ ಹೇಳುವುದಿಲ್ಲ.

ಇನ್‌ಸ್ಕ್ರಿಪ್ಟನ್ನು ಹತ್ತು ದಿನ ಪ್ರಯತ್ನಿಸಿ ಬಿಟ್ಟೆ. 1986ರಷ್ಟು ಹಿಂದೆಯೇ ಸರ್ಕಾರ ರೂಪಿಸಿದ ವಿನ್ಯಾಸ ಅದು, ಎಡಗೈಗೆ ಸ್ವರ, ಬಲಗೈಗೆ ವ್ಯಂಜನ, ಭಾರತದ ಎಲ್ಲ ಲಿಪಿಗಳಿಗೂ ಒಂದೇ ಜಾಗ. ದೊಡ್ಡ ಕೀಬೋರ್ಡಿನಲ್ಲಿ ಹತ್ತು ಬೆರಳಿಗೆ ಅದೊಂದು ಚೆಂದದ ಯೋಚನೆ. ಬಸ್ಸಿನಲ್ಲಿ ಎರಡು ಹೆಬ್ಬೆರಳಿಗೆ ಆ ಲೆಕ್ಕ ಹೊಂದುವುದಿಲ್ಲ.

ಧ್ವನಿಯ ವಿಷಯ ಬೇರೆ. 2017ರ ಆಗಸ್ಟ್‌ನಲ್ಲಿ ಫೋನಿನ ಧ್ವನಿ ಟೈಪಿಂಗಿಗೆ ಕನ್ನಡ ಸೇರಿತು. ಅಂದು ರಾತ್ರಿ ನಾನು ಜಗಲಿಯಲ್ಲಿ ಕೂತು ‘ನಮಸ್ಕಾರ’ ಎಂದು ಹೇಳಿ, ಅಕ್ಷರ ಮೂಡಿದ್ದನ್ನು ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಈಗಲೂ ಆ ಖುಷಿ ಕಡಿಮೆಯಾಗಿಲ್ಲ. ಮನೆಯೊಳಗೆ, ಬಾಗಿಲು ಹಾಕಿ ಓದಿದರೆ ಇಡೀ ಪುಟ ಒಂದೂವರೆ ನಿಮಿಷ. ‘ರಾಷ್ಟ್ರೀಯ’ ಒಂದೇ ಸಲಕ್ಕೆ ಸರಿ. ‘ಜ್ಯೋತ್ಸ್ನಾ’ ಕೂಡ ಬಂತು! ಆದರೆ ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಕೈಯಲ್ಲೇ ಹಾಕಬೇಕಾಯಿತು, ತಿದ್ದಲಿಕ್ಕೆ ಮೂರು ನಿಮಿಷ ಹೋಯಿತು. ಬಸ್ಸಿನಲ್ಲಂತೂ ಆಗದ ಮಾತು. ಮಳೆ ಟಾರ್ಪಾಲಿಗೆ ಬಡಿಯುವ ಸದ್ದು, ಹಾರ್ನು, ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುವ ಕಂಡಕ್ಟರು. ಒಮ್ಮೆ ಅವರ ಮಾತೇ ನನ್ನ ಪುಟದಲ್ಲಿ ಮೂಡಿತ್ತು.

ಇನ್ನೊಂದುಂಟು. ನಾವು ಆಡುವ ಕನ್ನಡಕ್ಕೆ ಅದರ ಕಿವಿ ಪೂರ್ತಿ ತೆರೆದಿಲ್ಲ. ‘ನಾಳೆ ಬರ್ಲಿಕ್ಕುಂಟು’ ಎಂದರೆ ಅದು ‘ಬರಲಿಕ್ಕೆ ಉಂಟು’ ಎಂದು ಬಿಡಿಸಿ ಬರೆಯಿತು. ತಪ್ಪಲ್ಲ, ಆದರೆ ನಾನು ಹೇಳಿದ್ದಲ್ಲ. ತುಳು ಸಾಲುಗಳನ್ನು ಓದಿದಾಗ ಬಂದದ್ದು ಅರ್ಥವಿಲ್ಲದ ಕನ್ನಡ ಪದಗಳ ಗುಂಪು. ಕನ್ನಡವೆಂದೇ ಕೇಳಿಸಿಕೊಳ್ಳುವ ಯಂತ್ರಕ್ಕೆ ಬೇರೆ ದಾರಿ ಇಲ್ಲವಷ್ಟೆ.

ಅಮ್ಮನಿಗೆ ಎಪ್ಪತ್ತೆರಡು. ಅಕ್ಷರ ಗುಂಡಾಗಿ, ಸ್ಪಷ್ಟ. ಅವರಿಗೆ ಕೈಬರಹದ ದಾರಿ ತೋರಿಸಿದೆ. ಗೂಗಲ್ ಕೈಬರಹದ ಕೀಬೋರ್ಡನ್ನು ಹೊರತಂದದ್ದು 2015ರಲ್ಲಿ, 82 ಭಾಷೆಗಳಿಗೆ, ಅದರಲ್ಲಿ ಕನ್ನಡವೂ ಇತ್ತು. ತುದಿಗೆ ರಬ್ಬರು ಇರುವ ಒಂದು ಸ್ಟೈಲಸ್ ಕೊಟ್ಟೆ. ಮೊದಲು ಪೆನ್ನಿನ ಹಾಗೆ ಹಗುರ ಹಿಡಿದು ಬರೆದರು, ಗೆರೆ ಮೂಡಲಿಲ್ಲ. ಸ್ವಲ್ಪ ಒತ್ತಿದ ಮೇಲೆ ‘ಪತ್ರೊಡೆ’ ಬರೆದರು. ತ-ಗೆ ಕ್ರಾವಡಿ ಎಳೆದು, ಒತ್ವ ಕೊಟ್ಟು, ಡ-ಗೆ ಎತ್ವ ಹಾಕಿ ಕೈ ಎತ್ತಿದರು. ಅರೆ ಕ್ಷಣ ಬಿಟ್ಟು ಪರದೆಯ ಮೇಲೆ ಸರಿಯಾದ ‘ಪತ್ರೊಡೆ’. ಇಂಗ್ಲಿಷ್ ಮೂಲಕ ಬರೆದು ಮೂರು ಸಲ ಸೋತ ಪದ ಅದು. ಅವರು ಆ ದಿನವೇ ಮುಂಬೈಯ ತಂಗಿಗೆ ನಾಲ್ಕು ಸಾಲು ಬರೆದರು, ಅದರಲ್ಲಿ ಒಂದೂ ತಪ್ಪಿರಲಿಲ್ಲ. ನನಗೆ ಇದು ವೇಗಕ್ಕೆ ಸಾಲದು, ಬಸ್ಸಿನಲ್ಲಿ ಗೆರೆ ಅಲುಗಾಡುತ್ತದೆ. ಆದರೆ ಅಕ್ಷರ ಚೆನ್ನಾಗಿ ಬರುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಕಣ್ಣು ಮುಚ್ಚಿ ಹೇಳುತ್ತೇನೆ.

ಕೊನೆಯದು ಕೆ. ಪಿ. ರಾವ್ ವಿನ್ಯಾಸ. ಕಿನ್ನಿಕಂಬಳ ಪದ್ಮನಾಭ ರಾವ್ ನಮ್ಮ ಕರಾವಳಿಯವರೇ. ಅವರು ಮಾಡಿದ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ಅವರ ಕೀಲಿಮಣೆಯೇ ಮುಂದೆ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬಂತು, ಸರ್ಕಾರ ಒಪ್ಪಿದ್ದೂ ಅದನ್ನೇ. ಪ್ರೆಸ್ಸಿನಲ್ಲಿ ದಿನವಿಡೀ ನಾನು ಒತ್ತುವುದು ಇದೇ ವಿನ್ಯಾಸವನ್ನು. ಆದರೂ ಫೋನಿನಲ್ಲಿ ಹಾಕಿಕೊಳ್ಳಬೇಕೆಂದು ಇಷ್ಟು ವರ್ಷ ತೋಚಿರಲಿಲ್ಲ.

ಇದರ ಯೋಚನೆ ಸರಳ: 26 ಕೀಗಳಲ್ಲೇ ಕನ್ನಡ ಇಡೀ ಕೂರುತ್ತದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಎಲ್ ಎಂದರೆ ಲ, ಶಿಫ್ಟ್ ಜೊತೆ ಳ. ಒತ್ತಕ್ಷರಕ್ಕೆ ನಡುವೆ ಎಫ್. ಟ, ಡ ಮಾತ್ರ ಕ್ಯೂ, ಡಬ್ಲ್ಯೂಗಳಲ್ಲಿ ಕೂತಿವೆ, ಹೊಸಬರಿಗೆ ಅಲ್ಲೇ ಮೊದಲ ವಾರ ಎಡವುವುದು. ‘ಕಟಪಾಡಿ’ಗೆ ಆರು ಒತ್ತು. ‘ಮಳೆ’ಗೆ ಮೂರು, ಅದು ಯಾವತ್ತೂ ಮಲೆ ಆಗುವುದಿಲ್ಲ. ‘ಜ್ಯೋತ್ಸ್ನಾ’ಗೆ ಹತ್ತು ಒತ್ತು, ಯೂನಿಕೋಡಿನಲ್ಲಿ, ಅಂದರೆ ಫೋನು-ಕಂಪ್ಯೂಟರುಗಳು ಅಕ್ಷರ ಗುರುತಿಸುವ ಸಂಕೇತಪಟ್ಟಿಯಲ್ಲಿ, ಆ ಪದ ಉಳಿಯುವುದೂ ಹತ್ತು ಸಂಕೇತಗಳಾಗಿಯೇ. ಬೆರಳು ಒತ್ತಿದ್ದು ಒಂದೊಂದೂ ಹಾಗೆಯೇ ಒಳಗೆ ಕೂರುತ್ತದೆ. ಊಹೆಗೆ ಜಾಗವೇ ಇಲ್ಲ.

ಈ ವಿನ್ಯಾಸ ಇರುವ ಒಂದು ಚಿಕ್ಕ ಆ್ಯಪ್ ಹುಡುಕಿ ಹಾಕಿದೆ. ಮೊದಲ ದಿನ ಹನ್ನೊಂದು ನಿಮಿಷ ಹಿಡಿಯಿತು! ಹತ್ತು ಬೆರಳಿಗೆ ಇಪ್ಪತ್ತು ವರ್ಷದಿಂದ ಗೊತ್ತಿರುವುದು ಹೆಬ್ಬೆರಳುಗಳಿಗೆ ಗೊತ್ತೇ ಇರಲಿಲ್ಲ. ಎಡಗೈಯ ತೋರುಬೆರಳು ಹುಡುಕುವ ಎಫ್ ಕೀಯನ್ನು ಹೆಬ್ಬೆರಳು ಹುಡುಕಿ ತಡವರಿಸುತ್ತಿತ್ತು. ಮೂರನೇ ವಾರ ಏಳು ನಿಮಿಷ. ಆರನೇ ವಾರ ನಾಲ್ಕು ಮುಕ್ಕಾಲು, ತಪ್ಪು ಒಂದೇ ಒಂದು. ಇಂಗ್ಲಿಷ್ ಮೂಲಕ ಬರೆದು ಹದಿನಾಲ್ಕು ತಪ್ಪು ತಿದ್ದುವ ಹೊತ್ತನ್ನೂ ಸೇರಿಸಿದರೆ ಇದೇ ಬೇಗ. ಹಳೆಯ ಫೋನಿನಲ್ಲೂ ತಡವರಿಸದೆ ನಡೆಯಿತು, ಯಾಕೆಂದರೆ ಪದಪಟ್ಟಿ ಹುಡುಕುವ ಕೆಲಸವೇ ಅದಕ್ಕಿಲ್ಲ.

ಮಳೆಯಲ್ಲೂ ನೋಡಿದೆ. ಪರದೆ ಬೆರಳಿನ ವಿದ್ಯುದಂಶವನ್ನು ಹಿಡಿದು ಕೆಲಸ ಮಾಡುವುದರಿಂದ ನೀರಿನ ಹನಿಯನ್ನೂ ಬೆರಳೆಂದೇ ಭಾವಿಸುತ್ತದೆ. ಕಿಟಕಿಯಿಂದ ಎರಚಲು ಹೊಡೆದರೆ ಎಲ್ಲ ಕೀಬೋರ್ಡೂ ಒಂದೇ, ಕರವಸ್ತ್ರದಲ್ಲಿ ಒರೆಸಿಕೊಳ್ಳಲೇಬೇಕು.

ಈಗ ತುಳು ಸಾಲುಗಳಿಗೆ ಬರುತ್ತೇನೆ, ಈ ಇಡೀ ಪರೀಕ್ಷೆಯಲ್ಲಿ ನನಗೆ ಹೆಚ್ಚು ಬೇಕಾಗಿದ್ದದ್ದು ಅವೇ. ‘ಬಂದು’ ಎನ್ನಲಿಕ್ಕೆ ತುಳುವಿನಲ್ಲಿ ‘ಬತ್ತ್‌ದ್’. ಕನ್ನಡ ಲಿಪಿಯಲ್ಲಿ ಹಾಗೇ ಬರೆಯಹೋದರೆ ತ್ತ್‌ಗೆ ದ್ ಅಂಟಿಕೊಂಡು, ಕೆಳಗೆ ಎರಡು ಒತ್ತು ಜೋತುಬಿದ್ದು ಓದಲಾಗದ ಅಕ್ಷರವಾಗುತ್ತದೆ. ಅಂಟದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತ ಹಾಕಬೇಕು. ‘ಸಾಫ್ಟ್‌ವೇರ್’ನಲ್ಲಿ ವ ಕೆಳಗಿಳಿಯದೆ ನಿಲ್ಲುವುದೂ ಅದರಿಂದಲೇ. ‘ರ‍್ಯಾಂಕ್’ನಲ್ಲಿ ರ ಅರ್ಕಾವೊತ್ತಾಗದಂತೆ ಹಿಡಿಯುವುದು ಅದರ ಅಣ್ಣ, ಇನ್ನೊಂದು ಕಾಣದ ಸಂಕೇತ. ನಾನು ಹಾಕಿಕೊಂಡ ಕೆ. ಪಿ. ರಾವ್ ಆ್ಯಪಿನಲ್ಲಿ ಎರಡಕ್ಕೂ ಕೀ ಉಂಟು. ಉಳಿದ ಕಡೆ ಸಿಗದೆ, ಫೋನಿನ ಸ್ವಂತ ಪದಕೋಶಕ್ಕೆ ಬತ್ತ್‌ದ್, ಪಂಡ್‌ದ್, ಮಲ್ತ್‌ದ್ ಎಂದು ಒಂದೊಂದಾಗಿ ಸೇರಿಸಿ ಕೆಲಸ ಸಾಗಿಸಿದೆ. ನಲವತ್ತು ಪದ ಸೇರಿಸಿದ ಮೇಲೆ ಬದುಕು ಹಗುರವಾಯಿತು ನಿಜ, ಆದರೆ ಅದು ಸುತ್ತುದಾರಿ.

ತುಳುವಿನ ಸ್ವಂತ ಲಿಪಿ 2024ರ ಸೆಪ್ಟೆಂಬರಿನಲ್ಲಿ, ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಎಂಬ ಹೆಸರಿನಿಂದ 80 ಸಂಕೇತಗಳೊಡನೆ ಸೇರಿದೆ. ನನ್ನ ಎರಡೂ ಫೋನಿನಲ್ಲಿ ಆ ಅಕ್ಷರಗಳ ಬದಲು ಖಾಲಿ ಚೌಕಗಳೇ ಕಾಣುತ್ತವೆ. ಫಾಂಟು ಬಂದ ದಿನ ಮೊದಲ ಪರೀಕ್ಷೆ ನನ್ನದೇ.

ಮಡಚುವ ಬ್ಲೂಟೂತ್ ಕೀಬೋರ್ಡನ್ನೂ ಒಂದು ಭಾನುವಾರ ಜೋಡಿಸಿ ನೋಡಿದೆ. ಫೋನು ಕೂಡಲೇ ಗುರುತು ಹಿಡಿಯಿತು, ಆದರೆ ಮೂಡಿದ್ದು ಇಂಗ್ಲಿಷ್ ಮಾತ್ರ, ಹೊರಗಿನ ಕೀಗಳು ವರ್ಣಮಾಲೆಯ ಕೀಬೋರ್ಡಿಗೆ ಮುಟ್ಟುವುದೇ ಇಲ್ಲ. ಕೆ. ಪಿ. ರಾವ್ ಆ್ಯಪ್ ಅದನ್ನು ಹಿಡಿಯಿತು. ಜಗಲಿಯ ಮೇಲೆ ಫೋನನ್ನು ಕಂಬಕ್ಕೆ ಒರಗಿಸಿ, ಹತ್ತು ಬೆರಳಲ್ಲಿ ನನ್ನ ಪುಟವನ್ನು ಎರಡು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸಿದೆ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ‘ಬಸ್ಸು ಸಿಕ್ಕಿತು’, ‘ಊಟ ಆಯಿತಾ’ ಎನ್ನಲಿಕ್ಕೆ ಇಂಗ್ಲಿಷ್ ಮೂಲಕ ಬರೆದರೂ ಸಾಕು. ಮನೆಯೊಳಗೆ ಉದ್ದದ ಮಾತಿಗೆ ಧ್ವನಿ. ಹಿರಿಯರಿಗೆ ಕೈಬರಹ. ಕನ್ನಡದಲ್ಲಿ ನಿಜವಾಗಿ ಬರೆಯುವವರು, ಕತೆಯೋ ವರದಿಯೋ ಅಡುಗೆಯ ವಿಧಾನವೋ, ಆರು ವಾರದ ಕಷ್ಟ ಪಟ್ಟು ಕೆ. ಪಿ. ರಾವ್ ಕಲಿಯಿರಿ. ಇದನ್ನು ಪೂರ್ತಿ ಅದರಲ್ಲೇ ಬರೆದದ್ದು, ಹೆಚ್ಚಿನ ಭಾಗ ಪಡುಬಿದ್ರಿ ಮತ್ತು ಕೂಳೂರು ಸೇತುವೆಯ ನಡುವೆ. ‘ಬೈಸಾರಿ’ ಆರೇ ಒತ್ತಿನಲ್ಲಿ ಬಂತು.