ಎಂ-40 ಮಾಸ್ಕ್ ಮತ್ತು ಜೆಎಸ್‌ಲಿಸ್ಟ್ ಉಡುಪು: ಕುವೈತ್‌ನ ಮರಳಿನಲ್ಲಿ ಬಳಸಿ ನೋಡಿದ್ದು

2003ರ ಆರಂಭದಲ್ಲಿ ಕೆಲವು ತಿಂಗಳು ನಾನು ಅಮೆರಿಕದ ಭೂಸೇನೆಯ ಒಂದು ಸಾಗಣೆ ತುಕಡಿಯೊಂದಿಗೆ ಕುವೈತ್‌ನ ಮರುಭೂಮಿಯಲ್ಲಿದ್ದೆ. ರಾಸಾಯನಿಕ ರಕ್ಷಣೆಯ ಸಾಮಾನುಗಳನ್ನು ನೋಡಿಕೊಳ್ಳುವ ಸಾರ್ಜೆಂಟ್‌ಗೆ ಸಹಾಯಕನಾಗಿದ್ದುದರಿಂದ, ನನ್ನ ಮಾಸ್ಕ್ ಮಾತ್ರವಲ್ಲದೆ ತುಕಡಿಯ ಬಹುಪಾಲು ಮಾಸ್ಕುಗಳು ನನ್ನ ಕೈಯಿಂದಲೇ ಹಾದುಹೋದವು. ಸೈನ್ಯದ ಹಳೆಯ ಸಾಮಾನು ಮಾರುವವರ ಬಳಿ ಎಂ-40 (ವಿಷಾನಿಲದಿಂದ ಕಾಪಾಡುವ ಅಮೆರಿಕದ ಸೇನೆಯ ಮಾಸ್ಕ್) ಸಿಗುತ್ತಿದೆ, ಕೊಳ್ಳಬಹುದೇ ಎಂದು ಪರಿಚಿತರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಆ ವರ್ಷದ ಇರಾಕ್ ಯುದ್ಧದಲ್ಲಿ ಇರಾಕಿ ಸೇನೆ ರಾಸಾಯನಿಕ ಅಸ್ತ್ರವನ್ನು ಪ್ರಯೋಗಿಸಲಿಲ್ಲ. ಆದ್ದರಿಂದ ಸಾರಿನ್ ಎಂಬ ನರವಿಷ ಅಥವಾ ಸಾಸಿವೆ ಅನಿಲದ ಎದುರು ಈ ಮಾಸ್ಕ್ ಮತ್ತು ಉಡುಪು ಹೇಗೆ ನಿಲ್ಲುತ್ತವೆ ಎಂಬುದನ್ನು ನಾನು ಅನುಭವದಿಂದ ಹೇಳಲಾರೆ. ಆದರೆ 1988ರ ಮಾರ್ಚ್ 16ರಂದು ಇರಾಕ್‌ನ ಹಲಬ್ಜಾ ಪಟ್ಟಣದಲ್ಲಿ ಇರಾಕಿ ಸೇನೆಯ ವಿಷಾನಿಲಕ್ಕೆ ಸಾವಿರಾರು ಕುರ್ದ್ ಜನ ಹೇಗೆ ಸತ್ತರೆಂಬುದು ನಮಗೆಲ್ಲ ಗೊತ್ತಿತ್ತು. ಸೈರನ್ ಕೂಗಿದಾಗ ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹೊರಡುವ ಮುನ್ನ ಅಶ್ರುವಾಯು ತುಂಬಿದ ಕೋಣೆಯಲ್ಲಿ ನಿಂತು ಮಾಸ್ಕನ್ನು ಪರೀಕ್ಷಿಸಿಕೊಂಡಿದ್ದೆವು. ಕಣ್ಣು ಉರಿಯಲಿಲ್ಲ, ಉಸಿರು ಕಟ್ಟಲಿಲ್ಲ.

ಮಾಸ್ಕಿನ ವಿನ್ಯಾಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮುಖಕ್ಕೆ ಕೂರುವ ಭಾಗ ಮೆದುವಾದ ಸಿಲಿಕೋನ್ ರಬ್ಬರಿನದು. ಇದಕ್ಕಿಂತ ಹಿಂದಿನ ಎಂ-17ರಲ್ಲಿ ಫಿಲ್ಟರುಗಳು ಕೆನ್ನೆಯ ಒಳಗಡೆ ಇದ್ದು, ಬದಲಿಸಲು ಮಾಸ್ಕನ್ನೇ ತೆಗೆಯಬೇಕಿತ್ತು; ಎಂ-40ರಲ್ಲಿ ಫಿಲ್ಟರ್ ಡಬ್ಬಿಯನ್ನು ಹೊರಗಿನಿಂದ ತಿರುಗಿಸಿ ಕೂರಿಸಬಹುದು. ಅದನ್ನು ಎಡಗೆನ್ನೆಗೂ ಬಲಗೆನ್ನೆಗೂ ಹಾಕಿಸಬಹುದಾದ್ದರಿಂದ ಎಡಗೈಯಲ್ಲಿ ಗುರಿ ಹಿಡಿಯುವವರಿಗೂ ತೊಂದರೆಯಿಲ್ಲ. ಮಾಸ್ಕ್ ತೆಗೆಯದೆಯೇ ನೀರು ಕುಡಿಯಲು ಕೊಳವೆಯಿದೆ. ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, 9 ಸೆಕೆಂಡಿನೊಳಗೆ ಮಾಸ್ಕ್ ತೊಟ್ಟು ಒಳಗಿನ ಗಾಳಿಯನ್ನು ಹೊರಗೂದಿ, ಅದು ಸೋರುತ್ತಿಲ್ಲವೆಂದು ನೋಡಿಕೊಳ್ಳಬೇಕೆಂಬುದು ನಿಯಮ. ಮೊದಲ ದಿನ ಅಸಾಧ್ಯವೆನಿಸಿದ್ದು, ದಿನವೂ ಮಾಡಿದರೆ ಎರಡು ವಾರದಲ್ಲಿ ಕೈಗೆ ಬರುತ್ತದೆ.

ತೊಂದರೆಯಿರುವುದು ಮರಳಿನಲ್ಲಿ. ಅಲ್ಲಿನ ಧೂಳು ನಮ್ಮ ಕಡೆಯ ಗೋಧಿ ಹಿಟ್ಟಿನಷ್ಟು ನುಣುಪು. ಮುಚ್ಚಿದ ಚೀಲದೊಳಕ್ಕೂ ಇಳಿಯುತ್ತದೆ. ಒಂದು ಬೆಳಿಗ್ಗೆ ಒಬ್ಬ ಚಾಲಕನ ಮಾಸ್ಕ್ ಸೋರುತ್ತಿತ್ತು. ಪಟ್ಟಿ ಬಿಗಿ ಮಾಡಿದರೂ, ಫಿಲ್ಟರ್ ಬದಲಿಸಿದರೂ ಸರಿಹೋಗಲಿಲ್ಲ. ಕೊನೆಗೆ ಉಸಿರು ಹೊರಬಿಡುವ ಕವಾಟದ ಮುಚ್ಚಳ ಎತ್ತಿ ನೋಡಿದರೆ, ತೆಳುವಾದ ರಬ್ಬರ್ ಬಿಲ್ಲೆಯ ಅಂಚಿನಡಿ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡು ಬಿಲ್ಲೆ ಕೂದಲೆಳೆಯಷ್ಟು ಮೇಲೆದ್ದಿತ್ತು. ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಸೋರಿಕೆ ನಿಂತಿತು. ಅಂದಿನಿಂದ ದಿನವೂ ಬೆಳಿಗ್ಗೆ ಎಲ್ಲರ ಕವಾಟವನ್ನೂ ಬಿಚ್ಚಿ ನೋಡುವುದನ್ನು ರೂಢಿ ಮಾಡಿಕೊಂಡೆವು. ಮಾರ್ಚ್ 20ರಂದು ಇರಾಕ್ ಕಡೆಯಿಂದ ಕ್ಷಿಪಣಿಗಳು ಬರತೊಡಗಿ, ಮತ್ತೆಮತ್ತೆ ಮಾಸ್ಕ್ ತೊಟ್ಟು ಬಂಕರಿಗೆ ಓಡುವಂತಾದಾಗ, ಆ ರೂಢಿ ನಮ್ಮನ್ನು ಅದೆಷ್ಟು ನಿಶ್ಚಿಂತರನ್ನಾಗಿ ಮಾಡಿತೆಂದು ಹೇಳತೀರದು.

ಕನ್ನಡಕದವರು ವಿಶೇಷವಾಗಿ ಗಮನಿಸಬೇಕು. ಕನ್ನಡಕದ ಕಡ್ಡಿ ಕಿವಿಯ ಬಳಿ ರಬ್ಬರನ್ನು ಎತ್ತಿಹಿಡಿಯುವುದರಿಂದ ಅದನ್ನು ಹಾಕಿಕೊಂಡೇ ಮಾಸ್ಕ್ ತೊಡುವಂತಿಲ್ಲ. ಮಾಸ್ಕಿನೊಳಗೆ ಕೂರುವ ಪ್ರತ್ಯೇಕ ಮಸೂರಗಳನ್ನು ಅವರವರ ಕಣ್ಣಿನ ನಂಬರಿಗೆ ತಕ್ಕಂತೆ ಮಾಡಿಸಬೇಕು. ನನ್ನವು ಬಂದದ್ದು ಕುವೈತ್ ತಲುಪಿ ಮೂರು ವಾರದ ನಂತರ. ಅಲ್ಲಿಯವರೆಗೆ ಅಭ್ಯಾಸದ ಸೈರನ್ ಕೂಗಿದಾಗಲೆಲ್ಲ ಪಕ್ಕದವನ ಭುಜ ಹಿಡಿದು ಓಡುತ್ತಿದ್ದೆ. ಸರಬರಾಜು ವಿಭಾಗದವರ ಈ ನಿರ್ಲಕ್ಷ್ಯವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ತುಕಡಿ ಸನ್ನದ್ಧವಾಗಿದೆ ಎಂದು ಕಾಗದದಲ್ಲಿ ಬರೆಯುವ ಮುನ್ನ, ಪ್ರತಿಯೊಬ್ಬರೂ ಮಾಸ್ಕ್ ಹಾಕಿಕೊಂಡು ಎದುರಿಗಿರುವ ಅಕ್ಷರ ಓದಬಲ್ಲರೇ ಎಂದು ಕೇಳಬೇಕಿತ್ತು.

ಇನ್ನು ಉಡುಪು. ಜೆಎಸ್‌ಲಿಸ್ಟ್ ಎಂಬುದು ಟೋಪಿ ಸೇರಿದ ಅಂಗಿ ಮತ್ತು ಪ್ಯಾಂಟಿನ ಜೋಡಿ. ಒಳಪದರದಲ್ಲಿ ಸಕ್ರಿಯ ಇಂಗಾಲದ ಸಣ್ಣ ಮಣಿಗಳಿದ್ದು, ವಿಷದ ಆವಿಯನ್ನು ಹೀರಿಕೊಳ್ಳುತ್ತವೆ. ಉಡುಪು ಬರುವ ಮುಚ್ಚಿದ ಚೀಲ ಒಡೆದ 120 ದಿನಗಳೊಳಗೆ ಒಟ್ಟು 45 ದಿನ ತೊಡಬಹುದು, 6 ಸಲ ಒಗೆಯಬಹುದು. ವಿಷ ತಗುಲಿದರೆ 24 ಗಂಟೆಯವರೆಗೆ ರಕ್ಷಣೆ. ಹಳೆಯ ಉಡುಪಿಗಿಂತ ಹಗುರವೆಂದು ಹಿರಿಯ ಸೈನಿಕರು ಹೊಗಳುತ್ತಿದ್ದರು. ಆದರೂ ಮಾಸ್ಕ್, ರಬ್ಬರ್ ಕೈಗವಸು, ಬೂಟಿನ ಮೇಲಿನ ಹೊದಿಕೆ ಎಲ್ಲವನ್ನೂ ತೊಟ್ಟು ಟ್ರಕ್ಕಿನ ಟೈರ್ ಬದಲಿಸುವುದು ಬೇರೆಯೇ ಮಾತು. ಅರ್ಧ ಗಂಟೆಯಲ್ಲಿ ಕೈಗವಸಿನೊಳಗೆ ಬೆವರು ನಿಲ್ಲುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಈ ಉಡುಪಿನಲ್ಲಿರುವವರಿಗೆ ಕೆಲಸ ಮತ್ತು ವಿಶ್ರಾಂತಿಯ ಸರದಿಯನ್ನು ಗಡಿಯಾರ ನೋಡಿ ನಡೆಸದಿದ್ದರೆ, ಶತ್ರುವಿಗಿಂತ ಮೊದಲು ಶಾಖವೇ ಜನರನ್ನು ಬೀಳಿಸುತ್ತದೆ.

ಕೊಳ್ಳುವ ಆಸೆಯಿರುವವರಿಗೆ ನನ್ನ ಮಾತು ಇಷ್ಟು. ಸಂಗ್ರಹಕ್ಕಾದರೆ ಎಂ-40 ಖಂಡಿತ ಕೊಳ್ಳಬಹುದಾದ ವಸ್ತು. ಪ್ರಾಣರಕ್ಷಣೆಗೆಂದು ಕೊಳ್ಳಬೇಡಿ; ಬಳಸಿದ ಫಿಲ್ಟರ್ ಡಬ್ಬಿಯ ಆಯುಸ್ಸು ಹೊರಗಿನಿಂದ ಕಾಣುವುದಿಲ್ಲ, ಅಲ್ಲದೆ ಇದು ಅಮೋನಿಯ ಹಾಗೂ ಕಾರ್ಬನ್ ಮಾನಾಕ್ಸೈಡಿನಿಂದ ಕಾಪಾಡುವುದಿಲ್ಲ, ಆಮ್ಲಜನಕವಿಲ್ಲದ ಕಡೆ ಕೆಲಸಕ್ಕೇ ಬಾರದು. ಮನೆಗೆ ಬೆಂಕಿ ಬಿದ್ದಾಗ ಇದನ್ನು ತೊಟ್ಟು ಒಳಹೋಗುವ ಸಾಹಸ ಬೇಡ. ಉಡುಪಿನ ಚೀಲ ಒಡೆದಿದ್ದರೆ ಅದನ್ನು ಬರೀ ದಪ್ಪ ಬಟ್ಟೆಯೆಂದೇ ತಿಳಿದು ಬೆಲೆ ಕಟ್ಟಿ.