ಓದಲು ಹಿತ, ಹುಡುಕಲು ಕಷ್ಟ: ಒಂದು ಇ-ಪುಸ್ತಕ ಸೇವೆಯ ಪ್ರಕಾರಪಟ್ಟಿ

ಚಂದಾ ಕಟ್ಟಿ ಓದುವ ಒಂದು ಇ-ಪುಸ್ತಕ ಸೇವೆಯನ್ನು ಕೆಲವು ತಿಂಗಳಿಂದ ಬಳಸುತ್ತಿದ್ದೇನೆ. ಅಕ್ಷರ ಕಣ್ಣಿಗೆ ಹಿತವಾಗಿದೆ, ಸಂಗ್ರಹವೂ ದೊಡ್ಡದು. ಆದರೆ ಓದುಗರನ್ನು ಪುಸ್ತಕದ ಬಳಿಗೆ ಕರೆದೊಯ್ಯಬೇಕಾದ ಪ್ರಕಾರಗಳ ಪಟ್ಟಿಯೇ ಇಲ್ಲಿ ದಾರಿ ತಪ್ಪಿಸುತ್ತದೆ.

ಈ ಸೇವೆಯಲ್ಲಿ ಒಂದು ಪುಸ್ತಕಕ್ಕೆ ಒಂದೇ ಪ್ರಕಾರ. ಕಾದಂಬರಿ, ಕವಿತೆ, ಪತ್ತೇದಾರಿ, ಐತಿಹಾಸಿಕ, ಮಕ್ಕಳ ಸಾಹಿತ್ಯ, ಧರ್ಮ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿವೆ. ಕಾದಂಬರಿ ಎಂಬುದು ಬರಹದ ರೂಪವನ್ನು ಸೂಚಿಸಿದರೆ, ಐತಿಹಾಸಿಕ ಎಂಬುದು ವಸ್ತುವನ್ನು, ಪತ್ತೇದಾರಿ ಎಂಬುದು ಕಥೆ ಕಟ್ಟುವ ಬಗೆಯನ್ನು, ಮಕ್ಕಳ ಸಾಹಿತ್ಯ ಎಂಬುದು ಓದುವವರ ವಯಸ್ಸನ್ನು ಸೂಚಿಸುತ್ತದೆ. ಹೀಗಿರುವಾಗ ಮಕ್ಕಳಿಗಾಗಿ ಬರೆದ ಐತಿಹಾಸಿಕ ಪತ್ತೇದಾರಿ ಕಾದಂಬರಿ ಯಾವ ವಿಭಾಗಕ್ಕೆ ಹೋದರೂ ಉಳಿದ ಮೂರು ವಿಭಾಗಗಳಿಗೆ ಅದು ಇಲ್ಲದಂತೆಯೇ ಆಗುತ್ತದೆ.

12ನೇ ಶತಮಾನದ ವಚನಗಳ ಸಂಕಲನವೊಂದನ್ನು ಕವಿತೆಯ ವಿಭಾಗದಲ್ಲಿ ಹುಡುಕಿದೆ, ಸಿಗಲಿಲ್ಲ. ಅದು ಧರ್ಮದ ವಿಭಾಗದಲ್ಲಿತ್ತು. ಅಲ್ಲಿಟ್ಟದ್ದನ್ನು ತಪ್ಪೆನ್ನಲಾಗದು, ಏಕೆಂದರೆ ವಚನ ಅನುಭಾವದ ಮಾತೂ ಹೌದು. ಛಂದಸ್ಸಿನ ಕಟ್ಟಿಗೆ ಒಳಪಡದೆಯೂ ಲಯವನ್ನು ಬಿಡದ, ಅಂಕಿತದೊಂದಿಗೆ ಮುಗಿಯುವ ಈ ಬರಹವನ್ನು ಗದ್ಯವೆನ್ನಬೇಕೋ ಪದ್ಯವೆನ್ನಬೇಕೋ ಎಂಬುದೇ ವಿದ್ವಾಂಸರಲ್ಲಿ ಚರ್ಚೆಯ ವಿಷಯ. ಆದರೆ ಕವಿತೆಯನ್ನು ಅರಸಿ ಬಂದವರಿಗೆ ಅದು ಕಾಣಿಸದೇ ಹೋಗುವುದನ್ನು ಒಪ್ಪಲಾರೆ.

ಗ್ರಂಥಾಲಯಗಳಿಗೆ ಈ ತೊಡಕು ಹೊಸದಲ್ಲ. ಪುಸ್ತಕಗಳನ್ನು ಅಂಕಿಗಳ ಮೂಲಕ ವಿಷಯವಾರು ಜೋಡಿಸುವ, 1876ರಲ್ಲಿ ಪ್ರಕಟವಾದ ಡ್ಯೂಯಿ ದಶಮಾಂಶ ವರ್ಗೀಕರಣ ಸಾಹಿತ್ಯಕ್ಕೆ 800ರ ವರ್ಗವನ್ನು ಮೀಸಲಿಟ್ಟು, ಮೊದಲು ಭಾಷೆಯಿಂದ, ಬಳಿಕ ರೂಪದಿಂದ ವಿಂಗಡಿಸುತ್ತದೆ. ಪದ್ಯದಲ್ಲಿ ಬರೆದ ನಾಟಕ ಎಲ್ಲಿರಬೇಕೆಂಬ ಪ್ರಶ್ನೆಗೂ ಅದರಲ್ಲಿ ನಿಯಮವಿದೆ, ನಾಟಕಕ್ಕೇ ಆದ್ಯತೆ. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಹೊರತಂದ ಕೋಲನ್ ವರ್ಗೀಕರಣವಂತೂ ಸಾಹಿತ್ಯದ ರೂಪಗಳಲ್ಲಿ ಗದ್ಯಪದ್ಯಗಳೆರಡೂ ಬೆರೆತ ಚಂಪುವಿಗೆ ಪ್ರತ್ಯೇಕ ಅಂಕಿಯನ್ನೇ ಕೊಟ್ಟಿತು. ಪಂಪ, ರನ್ನರನ್ನು ಓದಿದವರಿಗೆ ಇದರ ಬೆಲೆ ತಿಳಿಯುತ್ತದೆ: ಮಿಶ್ರಣವನ್ನು ಅಪವಾದವೆಂದು ಬದಿಗಿಡದೆ, ಅದೂ ಒಂದು ರೂಪವೆಂದು ಗುರುತಿಸಿದ ಕ್ರಮ ಅದು.

ಮುದ್ರಿತ ಪ್ರತಿಯೊಂದು ಕಪಾಟಿನ ಒಂದೇ ಜಾಗದಲ್ಲಿ ಕೂರಬೇಕಾದ್ದರಿಂದ ಗ್ರಂಥಪಾಲಕರಿಗೆ ಯಾವುದಾದರೊಂದನ್ನು ಆರಿಸುವುದು ಅನಿವಾರ್ಯ. ಪರದೆಯ ಮೇಲಿನ ಪುಸ್ತಕಕ್ಕೆ ಆ ಕಟ್ಟುಪಾಡಿಲ್ಲ. 2013ರಲ್ಲಿ ಪುಸ್ತಕೋದ್ಯಮಕ್ಕಾಗಿ ಬಂದ ಥೀಮಾ ವರ್ಗೀಕರಣ ಒಂದೇ ಪುಸ್ತಕಕ್ಕೆ ಹಲವು ಸಂಕೇತಗಳನ್ನು ಕೊಡಲು ಅವಕಾಶ ನೀಡುತ್ತದೆ. ಸ್ಥಳ, ಕಾಲ, ಓದುಗರ ವಯಸ್ಸುಗಳನ್ನು ವಿಷಯದಿಂದ ಬೇರ್ಪಡಿಸಿ ಸೂಚಿಸುತ್ತದೆ. ಇಷ್ಟು ಅನುಕೂಲವಿರುವಾಗ ಕಪಾಟಿನ ಮಿತಿಯನ್ನು ಪರದೆಗೂ ಹೇರಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ.

ಪ್ರಕಾರಗಳ ಗಡಿ ಎಂದೂ ಗಟ್ಟಿಯಾಗಿರಲಿಲ್ಲವಾದ್ದರಿಂದ ಯಾವ ಸೇವೆಯಿಂದಲೂ ಪರಿಪೂರ್ಣ ಪಟ್ಟಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ರೂಪ, ವಸ್ತು, ವಯಸ್ಸುಗಳಿಗೆ ಬೇರೆ ಬೇರೆ ಸೋಸುಪಟ್ಟಿಗಳನ್ನು (ಫಿಲ್ಟರ್) ಕೊಟ್ಟರೂ ಸಾಕಿತ್ತು. ಗ್ರಾಹಕ ವಿಭಾಗಕ್ಕೆ ಬರೆದಾಗ, ಪ್ರಕಾಶಕರು ಆರಿಸಿದ ಪ್ರಕಾರವನ್ನೇ ತೋರಿಸುತ್ತೇವೆ ಎಂಬ ವಿನಯದ ಉತ್ತರ ಬಂತು. ಲೇಖಕರ ಹೆಸರೋ ಶೀರ್ಷಿಕೆಯೋ ಗೊತ್ತಿದ್ದವರು ಧಾರಾಳವಾಗಿ ಚಂದಾದಾರರಾಗಬಹುದು. ಗೊತ್ತಿಲ್ಲದ ಪುಸ್ತಕವನ್ನು ಕಂಡುಕೊಳ್ಳಬೇಕೆನ್ನುವವರು ಸದ್ಯಕ್ಕೆ ಪ್ರಕಾರಪಟ್ಟಿಯನ್ನು ಬಿಟ್ಟು, ಪದಗಳ ಮೂಲಕ ಹುಡುಕುವುದೇ ಲೇಸು.